ಅಂಗಡಿಗೊಂದು ಕಾಯ್ದೆ, ಫಾರ್ಮಸಿಸ್ಟರಿಗೊಂದು ಕಾಯ್ದೆ

(ಫಾರ್ಮಸಿ ವಿದ್ಯಾರ್ಥಿಗಳು, ಔಷಧ ವ್ಯಾಪಾರಿಗಳು ಮತ್ತು ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮಾನ್ಯರೇ,

ಮೆಡಿಕಲ್ ಶಾಪಿನ ಕೌಂಟರಿನ ಹಿಂದಿನ ಗೋಡೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾಗದಗಳನ್ನು ಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಒಂದು, ನಮೂನೆ 20 ಮತ್ತು ನಮೂನೆ 21ರಲ್ಲಿ ನೀಡಿದ ಚಿಲ್ಲರೆ ಮಾರಾಟದ ಪರವಾನಗಿ. ಇನ್ನೊಂದು, ಆ ಅಂಗಡಿಯಲ್ಲಿ ಔಷಧ ಕೊಡುವ ಹೊಣೆ ಹೊತ್ತ ಫಾರ್ಮಸಿಸ್ಟರ ನೋಂದಣಿ ಪ್ರಮಾಣಪತ್ರ. ಗಿರಾಕಿಯ ಕಣ್ಣಿಗೆ ಎರಡೂ ಸರ್ಕಾರದ ಮೊಹರು ಬಿದ್ದ ಕಾಗದಗಳೇ. ಆದರೆ ಮೊದಲನೆಯದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ ರಾಜ್ಯದ ಔಷಧ ನಿಯಂತ್ರಣ ಆಡಳಿತ ಕೊಟ್ಟದ್ದು. ಎರಡನೆಯದು 1948ರ ಫಾರ್ಮಸಿ ಕಾಯ್ದೆಯಡಿ ರಾಜ್ಯ ಫಾರ್ಮಸಿ ಪರಿಷತ್ತು ಕೊಟ್ಟದ್ದು. ಅಂಗಡಿಯ ಮೇಲೆ ಕಣ್ಣಿಡುವ ಕಚೇರಿ ಬೇರೆ, ಅಲ್ಲಿ ಕೆಲಸ ಮಾಡುವ ವ್ಯಕ್ತಿಯ ಮೇಲೆ ಕಣ್ಣಿಡುವ ಸಂಸ್ಥೆ ಬೇರೆ. ಔಷಧ ವಿತರಣೆಯ ಮೇಲಿನ ನಿಗಾ ನಮ್ಮ ದೇಶದಲ್ಲಿ ಎಲ್ಲಿ ಸಡಿಲವಾಗಿದೆ ಎಂದು ಯಾರಾದರೂ ಕೇಳಿದರೆ, ಈ ಎರಡು ಕಾಯ್ದೆಗಳ ನಡುವಿನ ಸಂದಿಯಲ್ಲಿ ಎಂದು ನಾನು ಉತ್ತರಿಸುತ್ತೇನೆ. ಇಂದಿನ ಮಾತಿನ ಉದ್ದಕ್ಕೂ ಆ ಸಂದಿಯನ್ನೇ ತೋರಿಸಲು ಪ್ರಯತ್ನಿಸುತ್ತೇನೆ.

ಈ ಇಬ್ಬಂದಿತನ ಹೇಗೆ ಬಂತು ಎಂಬುದನ್ನು ಮೊದಲು ನೋಡೋಣ. 1930ರಲ್ಲಿ ಅಂದಿನ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಕಲಬೆರಕೆಯ ಮತ್ತು ಸತ್ವಹೀನ ಔಷಧಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡಿವೆ ಎಂಬ ದೂರುಗಳು ಅದರ ಹಿನ್ನೆಲೆಯಲ್ಲಿದ್ದವು. 1931ರಲ್ಲಿ ವರದಿ ಕೊಟ್ಟ ಸಮಿತಿ, ಔಷಧಗಳ ಗುಣಮಟ್ಟವನ್ನು ನಿಯಂತ್ರಿಸುವುದರ ಜೊತೆಗೆ ಔಷಧ ಕೊಡುವವರ ವೃತ್ತಿಯನ್ನೂ ಕಾನೂನಿನ ಅಡಿಗೆ ತರಬೇಕೆಂದು ಹೇಳಿತ್ತು. ಎರಡೂ ಆಗಲಿಕ್ಕೆ ಕಾಲ ಹಿಡಿಯಿತು, ಒಟ್ಟಿಗೂ ಆಗಲಿಲ್ಲ. ವಸ್ತುವಿನ ಕಾಯ್ದೆ 1940ರಲ್ಲಿ ಬಂತು, ಅದರ ನಿಯಮಗಳು 1945ರಲ್ಲಿ. ವೃತ್ತಿಯ ಕಾಯ್ದೆ ಸ್ವಾತಂತ್ರ್ಯಾನಂತರ, 1948ರಲ್ಲಿ. ಮುಂದೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಸಮವರ್ತಿ ಪಟ್ಟಿಯಲ್ಲೂ ಈ ವಿಷಯಗಳಿಗೆ ಎರಡು ಬೇರೆ ನಮೂದುಗಳೇ ಸಿಕ್ಕವು: ಔಷಧ ಮತ್ತು ವಿಷಪದಾರ್ಥಗಳಿಗೆ 19ನೇ ನಮೂದು, ಕಾನೂನು, ವೈದ್ಯಕೀಯ ಮತ್ತಿತರ ವೃತ್ತಿಗಳಿಗೆ 26ನೇ ನಮೂದು. ಕಾಯ್ದೆಗಳನ್ನು ಮಾಡಿದ್ದು ಕೇಂದ್ರವಾದರೂ ಅಂಗಡಿ, ಆಸ್ಪತ್ರೆಗಳ ಮಟ್ಟದಲ್ಲಿ ಅವನ್ನು ಜಾರಿಗೊಳಿಸುವ ಹೊರೆ ಹೆಚ್ಚುಕಡಿಮೆ ಪೂರ್ತಿಯಾಗಿ ರಾಜ್ಯಗಳ ಮೇಲಿದೆ.

ಫಾರ್ಮಸಿ ಕಾಯ್ದೆಯ ಜೀವಾಳ ಅದರ 42ನೇ ಕಲಮು. ವೈದ್ಯರ ಚೀಟಿಯ ಮೇರೆಗೆ ಔಷಧವನ್ನು ಬೆರೆಸುವುದು, ಸಿದ್ಧಪಡಿಸುವುದು, ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಹೊರತು ಬೇರಾರಿಗೂ ಸಲ್ಲದು ಎಂದು ಅದು ಹೇಳುತ್ತದೆ. ವೈದ್ಯರು ತಮ್ಮದೇ ರೋಗಿಗಳಿಗೆ ಔಷಧ ಕೊಡುವುದಕ್ಕೆ ವಿನಾಯಿತಿ ಇದೆ. ಓದುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಲಮು ಇರಲಾರದು. ಆದರೆ ಅದು ಜಾರಿಗೆ ಬರುವ ದಿನಾಂಕವನ್ನು ಗೊತ್ತುಪಡಿಸುವ ಅಧಿಕಾರವನ್ನು ಕಾಯ್ದೆ ಆಯಾ ರಾಜ್ಯ ಸರ್ಕಾರಕ್ಕೆ ಬಿಟ್ಟಿತು. ಅರ್ಹರಾದವರು ಸಾಕಷ್ಟು ಸಂಖ್ಯೆಯಲ್ಲಿ ಇಲ್ಲದಿದ್ದ ಕಾಲದಲ್ಲಿ ಅದು ವಿವೇಕದ ಏರ್ಪಾಡೇ ಆಗಿತ್ತು. ಏಕಾಏಕಿ ಜಾರಿಗೊಳಿಸಿದ್ದರೆ ಊರೂರುಗಳ ಔಷಧ ಅಂಗಡಿಗಳು ಬಾಗಿಲು ಹಾಕಬೇಕಾಗುತ್ತಿತ್ತು. ವಿವೇಕ ಮೆಲ್ಲಗೆ ಉದಾಸೀನಕ್ಕೆ ತಿರುಗಿದ್ದರಿಂದಲೇ ಇರಬೇಕು, 1976ರ ತಿದ್ದುಪಡಿ ಕಾಯ್ದೆಯಲ್ಲಿ ಸಂಸತ್ತು ಒಂದು ಗಡುವು ಹಾಕಿತು: ರಾಜ್ಯ ಸರ್ಕಾರ ದಿನಾಂಕ ಗೊತ್ತುಪಡಿಸದೇ ಹೋದರೆ, ತಿದ್ದುಪಡಿ ಜಾರಿಗೆ ಬಂದ 8 ವರ್ಷಗಳ ಬಳಿಕ ಈ ಕಲಮು ಅಲ್ಲಿ ತಾನಾಗಿಯೇ ಜಾರಿಗೆ ಬರುತ್ತದೆ. ಅಂದರೆ 1948ರಲ್ಲಿ ಬರೆದ ಮೂಲಭೂತ ನಿಷೇಧವೊಂದು ದೇಶದ ಎಲ್ಲ ಕಡೆ ಕಾನೂನಾಗಿ ನಿಲ್ಲಬೇಕಾದರೆ 1984 ಬರಬೇಕಾಯಿತು. ನಮ್ಮ ಸಮಾಜ ಫಾರ್ಮಸಿಸ್ಟರನ್ನು ಇಂದಿಗೂ ಔಷಧ ವ್ಯಾಪಾರದ ಒಂದು ಔಪಚಾರಿಕ ಅಗತ್ಯವೆಂಬಂತೆ ಕಾಣುತ್ತಿದ್ದರೆ, ಆ ವಿಳಂಬಕ್ಕೂ ಅದರಲ್ಲಿ ಪಾಲಿದೆ ಎಂಬುದು ನನ್ನ ಎಣಿಕೆ.

ಇನ್ನು ಅಂಗಡಿಯ ಕಾಯ್ದೆಗೆ ಬರೋಣ. 1945ರ ನಿಯಮಗಳಲ್ಲಿ 65ನೇ ನಿಯಮವನ್ನು ಔಷಧ ವ್ಯಾಪಾರಿಗಳು ಬಾಯಿಪಾಠ ಮಾಡಿರಬೇಕು. ಪರವಾನಗಿಯ ಬಹುಪಾಲು ಷರತ್ತುಗಳು ಅದರಲ್ಲೇ ಇವೆ. ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಶೆಡ್ಯೂಲ್ ಎಚ್ ಮತ್ತು ಎಕ್ಸ್ ಎಂಬ, ಈ ನಿಯಮಗಳಿಗೆ ಸೇರಿದ ಪಟ್ಟಿಗಳಲ್ಲಿರುವ ಔಷಧಗಳನ್ನು ಚೀಟಿಯಿಲ್ಲದೆ ಕೊಡಕೂಡದು. ಆ ಔಷಧಗಳ ವಿಷಯದಲ್ಲಿ ವೈದ್ಯರು ಬರೆದುದರ ಬದಲಿಗೆ ಬೇರೊಂದನ್ನು, ಅದರಲ್ಲಿರುವ ಮೂಲ ಔಷಧ ಒಂದೇ ಆಗಿದ್ದರೂ, ಕೊಡುವಂತಿಲ್ಲ. ಈ ಕೊನೆಯ ಷರತ್ತಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಒಂದು ಕಡೆ ಜನರಿಕ್ ಔಷಧಗಳನ್ನು, ಅಂದರೆ ಬ್ರ್ಯಾಂಡಿನ ಬದಲು ಮೂಲ ಔಷಧದ ಹೆಸರಿನಲ್ಲೇ ಮಾರುವ ಔಷಧಗಳನ್ನು, ಬಳಸಿ ಎಂದು ಸರ್ಕಾರವೇ ಪ್ರಚಾರ ಮಾಡುತ್ತದೆ, ಇನ್ನೊಂದು ಕಡೆ ಚೀಟಿಯಲ್ಲಿನ ಬ್ರ್ಯಾಂಡನ್ನು ಬದಲಿಸುವ ವಿವೇಚನೆಯನ್ನು ಓದಿದ ಫಾರ್ಮಸಿಸ್ಟರಿಗೂ ಅದರದೇ ನಿಯಮ ಕೊಡುವುದಿಲ್ಲ. ಫಾರ್ಮಸಿಸ್ಟರು ಕೌಂಟರಿನಲ್ಲಿ ಇಲ್ಲದೇ ಇರುವುದೇ ವಾಡಿಕೆಯಾಗಿರುವಾಗ ಆ ವಿವೇಚನೆಯನ್ನು ಯಾರಿಗೆ ಕೊಡುವುದು ಎಂಬ ಅಳುಕು ಇದರ ಹಿಂದೆ ಇದ್ದರೆ ಆಶ್ಚರ್ಯವಿಲ್ಲ.

ಪರವಾನಗಿ ಕೊಡುವಾಗ ಇಲಾಖೆ ಏನನ್ನು ಪರೀಕ್ಷಿಸುತ್ತದೆ? ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ, ಸಗಟು ವ್ಯಾಪಾರವೂ ಜೊತೆಗಿದ್ದರೆ 15 ಚದರ ಮೀಟರ್. ಲಸಿಕೆ, ಇನ್ಸುಲಿನ್‌ನಂಥವನ್ನು ಇಡಲು ಫ್ರಿಜ್ಜು. ನೋಂದಾಯಿತ ಫಾರ್ಮಸಿಸ್ಟರ ನೇಮಕದ ಪತ್ರ. ಈ ಕೊನೆಯದನ್ನು ಗಮನಿಸಿ. ಜಾಗವನ್ನು ಟೇಪು ಹಿಡಿದು ಅಳೆಯಬಹುದು, ಫ್ರಿಜ್ಜಿನ ಬಾಗಿಲು ತೆರೆದು ತಾಪಮಾನ ನೋಡಬಹುದು. ಫಾರ್ಮಸಿಸ್ಟರು ಮಾತ್ರ ಕಾಗದದ ಮೇಲಷ್ಟೇ ಹಾಜರಾಗುತ್ತಾರೆ. 2017ರ ತಿದ್ದುಪಡಿಯ ನಂತರ ಪರವಾನಗಿಯನ್ನು ನಿಯತವಾಗಿ ನವೀಕರಿಸಬೇಕಾದ ಪದ್ಧತಿಯೂ ಹೋಗಿ, 5 ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಅದು ಊರ್ಜಿತವಾಗಿ ಉಳಿಯುತ್ತದೆ. ವ್ಯಾಪಾರಿಯ ಅಲೆದಾಟ ತಪ್ಪಿತೆಂಬುದು ನಿಜ, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ನವೀಕರಣದ ನೆಪದಲ್ಲಾದರೂ ಒಮ್ಮೆ ಕಡತ ತೆರೆದು, ಹೆಸರು ಕೊಟ್ಟ ಫಾರ್ಮಸಿಸ್ಟರು ಇನ್ನೂ ಅಲ್ಲಿದ್ದಾರೆಯೇ ಎಂದು ನೋಡುವ ಸಂದರ್ಭವೂ ಅದರೊಂದಿಗೆ ಹೋಯಿತು.

ಹೀಗಾಗಿ ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬರೆದು ಕೊಡದ ಒಂದು ವ್ಯವಹಾರ ಬೆಳೆದಿದೆ: ಸರ್ಟಿಫಿಕೇಟ್ ಬಾಡಿಗೆ. ಡಿಪ್ಲೊಮಾ ಮುಗಿಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ತಮ್ಮ ಪ್ರಮಾಣಪತ್ರವನ್ನು ಅಂಗಡಿಯ ಮಾಲೀಕರಿಗೆ ಕೊಟ್ಟು, ತಿಂಗಳಿಗಿಷ್ಟು ಎಂದು ಪಡೆದು, ತಾವು ಬೇರೆಲ್ಲೋ ಬೇರೇನೋ ಕೆಲಸ ಮಾಡಿಕೊಂಡಿರುತ್ತಾರೆ. ಕೌಂಟರಿನಲ್ಲಿ ನಿಂತವರು ಹಲವು ವರ್ಷಗಳ ರೂಢಿಯಿಂದ ಔಷಧದ ಹೆಸರುಗಳನ್ನು ಬಲ್ಲವರಾಗಿರುತ್ತಾರೆ; ಅವರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಸರು ಬಲ್ಲುದು ಬೇರೆ, ಚೀಟಿಯನ್ನು ಪರಿಶೀಲಿಸುವುದು ಬೇರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಕೊಡುತ್ತಾರೆ. ಈ ಕಾಯಿಲೆಗೆ ಅದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೊಮ್ಮೆ. ನಮ್ಮ ಜನಕ್ಕೆ ಮಾತ್ರೆ ಎಂದರೆ ದಿನಕ್ಕೊಂದು, ಎರಡು ಎಂಬ ರೂಢಿ. ಅವಸರದ ಕೈಬರಹದಲ್ಲಿ ವಾರ ಎಂಬುದು ಮಸುಕಾಗಿ, ಕೌಂಟರಿನಲ್ಲಿದ್ದವರು ಕವರಿನ ಮೇಲೆ ದಿನಕ್ಕೊಂದು ಎಂದು ಬರೆದರೆ, ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಕುಗ್ಗಿ, ರಕ್ತಕಣಗಳು ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಜಗತ್ತಿನ ಅನೇಕ ದೇಶಗಳಲ್ಲಿ ದಾಖಲಾಗಿರುವ ತಪ್ಪು ಇದು. ತರಬೇತಿ ಪಡೆದ ಫಾರ್ಮಸಿಸ್ಟರು ಈ ಹೆಸರು ಕಂಡ ಕೂಡಲೇ ಮೂರು ವಿಷಯ ನೋಡುತ್ತಾರೆ: ಯಾವ ಕಾಯಿಲೆಗೆ, ವಾರದ ಯಾವ ದಿನ, ಜೊತೆಯಲ್ಲಿ ಫೋಲಿಕ್ ಆಮ್ಲ ಬರೆದಿದ್ದಾರೆಯೇ. ಅನುಮಾನ ಬಂದರೆ ವೈದ್ಯರಿಗೆ ಫೋನ್ ಮಾಡುತ್ತಾರೆ. ಔಷಧ ಅಸಲಿಯಾಗಿತ್ತು, ಅವಧಿ ಮೀರಿರಲಿಲ್ಲ, ಬಿಲ್ಲೂ ಸರಿಯಿತ್ತು. ಆದರೂ ರೋಗಿ ಆಸ್ಪತ್ರೆ ಸೇರಿದರು ಎಂಬಂಥ ಪ್ರಕರಣವನ್ನು ತಡೆಯುವ ಕೊನೆಯ ಜಾಗ ಆ ಕೌಂಟರು. 65ನೇ ನಿಯಮದ ಖುದ್ದು ಮೇಲ್ವಿಚಾರಣೆ ಎಂಬ ಷರತ್ತಿನ ಹಿಂದಿರುವ ಕಾರಣ ಇದೇ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಡುತ್ತೇನೆ. ಒಂದು ಔಷಧದ ಗುಣಮಟ್ಟದ ಬಗ್ಗೆ ಅನುಮಾನ ಬಂದಾಗ ಔಷಧ ಪರಿವೀಕ್ಷಕರು, ಜನ ಹೇಳುವಂತೆ ಡ್ರಗ್ ಇನ್ಸ್‌ಪೆಕ್ಟರು, ಅಂಗಡಿಯಿಂದ ಮಾದರಿ ತೆಗೆಯುವ ಕ್ರಮವನ್ನು 1940ರ ಕಾಯ್ದೆಯ 23ನೇ ಕಲಮು ಹೇಗೆ ಕಟ್ಟಿಕೊಟ್ಟಿದೆ ನೋಡಿ. ತೆಗೆದುಕೊಂಡ ಔಷಧಕ್ಕೆ ನ್ಯಾಯವಾದ ಬೆಲೆಯನ್ನು ಅವರು ಕೊಡಬೇಕು. ಯಾವ ಉದ್ದೇಶಕ್ಕೆ ತೆಗೆಯುತ್ತಿದ್ದೇನೆ ಎಂದು ನಮೂನೆ 17ರಲ್ಲಿ ಬರೆದು ತಿಳಿಸಬೇಕು. ಮಾದರಿಯನ್ನು ಅಂಗಡಿಯವರ ಎದುರಿನಲ್ಲೇ ನಾಲ್ಕು ಪಾಲು ಮಾಡಿ ಮೊಹರು ಹಾಕಬೇಕು. ಅಂಗಡಿಯವರು ಬಯಸಿದರೆ ತಮ್ಮ ಮೊಹರನ್ನೂ ಹಾಕಬಹುದು. ಒಂದು ಪಾಲು ಅಂಗಡಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ಆ ಔಷಧ ಎಲ್ಲಿಂದ ಬಂತೆಂದು ಅಂಗಡಿಯವರು ಹೆಸರಿಸಿದವರಿಗೆ. ವಿಶ್ಲೇಷಕರ ವರದಿಯನ್ನು ಒಪ್ಪದವರು 28 ದಿನಗಳೊಳಗೆ ಹೇಳಿದರೆ ನ್ಯಾಯಾಲಯ ತನ್ನ ಬಳಿಯ ಪಾಲನ್ನು ಕೇಂದ್ರೀಯ ಪ್ರಯೋಗಾಲಯಕ್ಕೆ ಕಳಿಸಬಹುದು. ಯೋಗ್ಯ ಮೂಲದಿಂದ ಕೊಂಡು, ಸರಿಯಾಗಿ ದಾಸ್ತಾನು ಮಾಡಿದ್ದ ವ್ಯಾಪಾರಿಗೆ 19ನೇ ಕಲಮಿನಲ್ಲಿ ರಕ್ಷಣೆಯೂ ಇದೆ. ಎಲ್ಲ ಪಕ್ಷದವರ ಹಕ್ಕನ್ನೂ ತೂಗಿ ಬರೆದ ಇಂಥ ಅಚ್ಚುಕಟ್ಟಾದ ವಿಧಾನವನ್ನು ಕಂಡಾಗ ಆ ಕಾಲದ ಕರಡುಗಾರರ ಮೇಲೆ ಗೌರವ ಮೂಡುತ್ತದೆ.

ಆದರೆ ಔಷಧವನ್ನು ಸರಿಯಾದವರು ಸರಿಯಾಗಿ ಕೊಟ್ಟರೇ ಎಂಬುದನ್ನು ಪರೀಕ್ಷಿಸಲು ಇದಕ್ಕೆ ಸಾಟಿಯಾದ ಒಂದು ವಿಧಾನವನ್ನು ನಾವು ಕಟ್ಟಲೇ ಇಲ್ಲ. ಪರಿವೀಕ್ಷಕರು ಅಂಗಡಿಗೆ ಬಂದ ಗಳಿಗೆಯಲ್ಲಿ ಫಾರ್ಮಸಿಸ್ಟರು ಇರಲಿಲ್ಲವೆಂದರೆ, ಈಗಷ್ಟೇ ಊಟಕ್ಕೆ ಹೋದರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಸಾಬೀತು ಮಾಡುವುದು ಹೇಗೆ? ಹೆಚ್ಚೆಂದರೆ 66ನೇ ನಿಯಮದಡಿ ಕಾರಣ ಕೇಳುವ ನೋಟಿಸು ಕೊಟ್ಟು, ಪರವಾನಗಿಯನ್ನು ಕೆಲವು ದಿನ ಅಮಾನತಿನಲ್ಲಿಡಬಹುದು. ವ್ಯಾಪಾರಿ ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪ್ರಮಾಣಪತ್ರ ಬಾಡಿಗೆಗೆ ಕೊಟ್ಟವರ ವಿಷಯ? ಅವರು ಈ ಇಲಾಖೆಯ ಕೈಗೆ ಸಿಗುವವರೇ ಅಲ್ಲ. ಅವರ ಹೆಸರಿರುವುದು ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ. ಇಲಾಖೆ ಪರಿಷತ್ತಿಗೆ ಪತ್ರ ಬರೆಯಬೇಕು, ಪರಿಷತ್ತಿನ ಕಾರ್ಯಕಾರಿ ಸಮಿತಿ ಫಾರ್ಮಸಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಆ ವ್ಯಕ್ತಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಟ್ಟು ವಿಚಾರಿಸಬೇಕು, ವೃತ್ತಿಗೆ ಕಳಂಕ ತರುವ ನಡತೆ ಎಂದು ತೀರ್ಮಾನವಾದರೆ ಮಾತ್ರ ಹೆಸರನ್ನು ತೆಗೆಯಬೇಕು. ಎರಡು ಕಚೇರಿಗಳ ನಡುವೆ ಕಡತ ಓಡಾಡುವಷ್ಟರಲ್ಲಿ ಅದೇ ಪ್ರಮಾಣಪತ್ರಕ್ಕೆ ಬೇರೊಂದು ಅಂಗಡಿಯ ಗೋಡೆ ಸಿಕ್ಕಿರುತ್ತದೆ.

ಕಾಯ್ದೆ ಮಾಡಿದವರು ಈ ಸಂದಿಯನ್ನು ಕಾಣಲೇ ಇಲ್ಲವೆಂದು ಹೇಳುವಂತಿಲ್ಲ. ರಾಜ್ಯ ಪರಿಷತ್ತಿನ ರಚನೆಯನ್ನು ಹೇಳುವ, ಫಾರ್ಮಸಿ ಕಾಯ್ದೆಯ 19ನೇ ಕಲಮಿನಲ್ಲಿ ಫಾರ್ಮಸಿಸ್ಟರೇ ತಮ್ಮೊಳಗಿಂದ ಆರಿಸಿದ ಆರು ಮಂದಿ, ಸರ್ಕಾರ ನಾಮಕರಣ ಮಾಡಿದ ಐದು ಮಂದಿ, ವೈದ್ಯಕೀಯ ಪರಿಷತ್ತಿನ ಒಬ್ಬ ಪ್ರತಿನಿಧಿ, ಇವರೊಂದಿಗೆ ರಾಜ್ಯದ ಔಷಧ ನಿಯಂತ್ರಣದ ಹೊಣೆ ಹೊತ್ತ ಅಧಿಕಾರಿಯೂ ಪದನಿಮಿತ್ತ ಸದಸ್ಯರು. ಎರಡು ಕಾಯ್ದೆಗಳ ನಡುವೆ ಕಟ್ಟಿದ ಸೇತುವೆ ಎಂದರೆ ಆ ಒಂದು ಕುರ್ಚಿ. ಅದೂ ಅಲ್ಲದೆ, 26-ಎ ಕಲಮಿನ ಪ್ರಕಾರ ಪರಿಷತ್ತು ರಾಜ್ಯ ಸರ್ಕಾರದ ಪೂರ್ವಾನುಮತಿ ಪಡೆದು ತನ್ನದೇ ಪರಿವೀಕ್ಷಕರನ್ನು ನೇಮಿಸಬಹುದು. ಔಷಧ ಕೊಡುವ ಯಾವುದೇ ಜಾಗಕ್ಕೆ ಅವರು ಹೋಗಿ, ಅಲ್ಲಿ ಕೊಡುತ್ತಿರುವವರು ನೋಂದಾಯಿತರೇ ಎಂದು ವಿಚಾರಿಸಬಹುದು, ದೂರನ್ನೂ ದಾಖಲಿಸಬಹುದು. 1976ರಿಂದ ಈ ಅಧಿಕಾರ ಪುಸ್ತಕದಲ್ಲಿದೆ. ನಿಮ್ಮ ಪರಿಚಯದ ಔಷಧ ವ್ಯಾಪಾರಿಯನ್ನು ಕೇಳಿ ನೋಡಿ: ಡ್ರಗ್ ಇನ್ಸ್‌ಪೆಕ್ಟರರನ್ನು ಕಂಡಿದ್ದೇನೆ ಎನ್ನುತ್ತಾರೆ, ಪರಿಷತ್ತಿನ ಪರಿವೀಕ್ಷಕರು ಎಂಬವರೊಬ್ಬರು ಇರಬಹುದೆಂಬುದೇ ಹಲವರಿಗೆ ಹೊಸ ಸಂಗತಿ.

ನ್ಯಾಯಾಲಯದ ಗಮನಕ್ಕೂ ಇದು ಹೋಗಿದೆ. ಬಿಹಾರದಲ್ಲಿ ನೋಂದಾಯಿತ ಫಾರ್ಮಸಿಸ್ಟರಿಲ್ಲದೆ ಆಸ್ಪತ್ರೆಗಳು ನಡೆಯುತ್ತಿವೆ, ನಕಲಿ ಫಾರ್ಮಸಿಸ್ಟರು ಔಷಧ ಕೊಡುತ್ತಿದ್ದಾರೆ ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಅಲ್ಲಿನ ಉಚ್ಚ ನ್ಯಾಯಾಲಯ ಚುಟುಕಾಗಿ ಮುಗಿಸಿದ್ದಾಗ, 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ, ಮತ್ತೆ ವಿಚಾರಿಸುವಂತೆ ಹೇಳಿತು. ನೋಂದಾಯಿತ ಫಾರ್ಮಸಿಸ್ಟರಿಲ್ಲದೆ ಔಷಧ ವಿತರಣೆ ನಡೆಯಲು ಬಿಡುವುದು ನಾಗರಿಕರ ಆರೋಗ್ಯಕ್ಕೆ ಮಾರಕವೆಂದೂ, ಅದನ್ನು ತಡೆಯುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಪರಿಷತ್ತು ಎರಡರ ಕರ್ತವ್ಯವೆಂದೂ ತೀರ್ಪಿನ ಸಾರ. ಹೊಣೆಯನ್ನು ಎರಡು ಹೆಗಲಿಗೂ ಹೊರಿಸಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

ಪರಿವೀಕ್ಷಕರ ಸಂಖ್ಯೆಯ ಪ್ರಶ್ನೆಯನ್ನು ಬಿಡುವಂತಿಲ್ಲ. 51ನೇ ನಿಯಮದ ಪ್ರಕಾರ ಅವರು ತಮ್ಮ ವ್ಯಾಪ್ತಿಯ ಪ್ರತಿ ಮಾರಾಟ ಅಂಗಡಿಯನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು. 2003ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಮಾಶೇಲ್ಕರ್ ಸಮಿತಿ 200 ಮಾರಾಟ ಅಂಗಡಿಗಳಿಗೆ ಒಬ್ಬರು, 50 ತಯಾರಿಕಾ ಘಟಕಗಳಿಗೆ ಒಬ್ಬರು ಪರಿವೀಕ್ಷಕರು ಇರಬೇಕೆಂದು ಶಿಫಾರಸು ಮಾಡಿತ್ತು. 200 ಎಂಬುದು ಕೇಳಲು ಹೆಚ್ಚೇನಲ್ಲ. ಆದರೆ ಅದೇ ಅಧಿಕಾರಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು, ಪರವಾನಗಿ ಅರ್ಜಿಗಳ ಸ್ಥಳ ಪರಿಶೀಲನೆ ಮಾಡಬೇಕು, ರಕ್ತನಿಧಿಗಳಿಗೆ ಹೋಗಬೇಕು, ಕಳಪೆ ಎಂದು ವರದಿ ಬಂದ ಬ್ಯಾಚನ್ನು ಮಾರುಕಟ್ಟೆಯಿಂದ ಹಿಂದೆಗೆಸಬೇಕು, ಹಳೆಯ ಮೊಕದ್ದಮೆಗಳಿಗೆ ಸಾಕ್ಷಿ ಹೇಳಲು ನ್ಯಾಯಾಲಯದ ಪಡಸಾಲೆಯಲ್ಲಿ ಕಾಯಬೇಕು. 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ಔಷಧ ಕಾಯ್ದೆಯಲ್ಲಿ ತಯಾರಿಕೆ, ಮಾರಾಟಗಳಿಗೆ ಸಂಬಂಧಿಸಿದ ನಾಲ್ಕನೇ ಅಧ್ಯಾಯದ ಅಪರಾಧಗಳಿಗೆ ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಿ ಮೊಕದ್ದಮೆ ಹೂಡುವಂತಿಲ್ಲ, ಆ ಕೆಲಸ ಕಾಯ್ದೆ ಹೆಸರಿಸಿದ ಪರಿವೀಕ್ಷಕರು ಮುಂತಾದವರದು ಎಂದು ಸ್ಪಷ್ಟಪಡಿಸಿತು. ಪರಿಣತಿಯ ದೃಷ್ಟಿಯಿಂದ ಸರಿಯಾದ ಮಾತು. ಹೊರೆಯ ದೃಷ್ಟಿಯಿಂದ ನೋಡಿದರೆ ಇನ್ನಷ್ಟು ಭಾರ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಉದಾಹರಣೆ ಇದೆ. 2012ರ ಆಸುಪಾಸಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಫಾರ್ಮಸಿಸ್ಟರ ಹಾಜರಿ ಮತ್ತು ಬಿಲ್ಲಿನ ವಿಷಯದಲ್ಲಿ ಬಿಗಿಯಾಗಿ ನಡೆದುಕೊಂಡು, ಪರವಾನಗಿಗಳನ್ನು ಅಮಾನತಿನಲ್ಲಿಟ್ಟಿತು. ವ್ಯಾಪಾರಿ ಸಂಘಟನೆಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದವು. ಯಾವ ಹೊಸ ಕಾನೂನನ್ನೂ ಆಗ ಮಾಡಿರಲಿಲ್ಲ. ಹಳೆಯ 65ನೇ ನಿಯಮವನ್ನೇ ಓದಿ ಹೇಳಿದ್ದರು. ವ್ಯಾಪಾರಿಗಳ ಪ್ರತಿಭಟನೆಯನ್ನು ಬರೀ ಹಟವೆಂದು ತಳ್ಳಿಹಾಕುವುದೂ ಸರಿಯಲ್ಲ. ದಶಕಗಳ ಕಾಲ ಗೋಡೆಯ ಮೇಲಿನ ಕಾಗದವೇ ಸಾಕು ಎಂದು ಒಪ್ಪಿಕೊಂಡು ಬಂದ ಆಡಳಿತ, ಒಂದು ದಿನ ಬೆಳಗಾಗುತ್ತಲೇ ವ್ಯಕ್ತಿಯನ್ನೇ ತೋರಿಸಿ ಎಂದಾಗ ಅವರಿಗೆ ಅನ್ಯಾಯವೆನಿಸಿದ್ದು ಸಹಜ.

ದಾಖಲೆಗಳ ಬಗೆಗಿನ ಒಂದು ಒಳ್ಳೆಯ ಹೆಜ್ಜೆಯನ್ನು ಇಲ್ಲಿ ಹೇಳಲೇಬೇಕು. ಆಂಟಿಬಯಾಟಿಕ್‌ಗಳ ಮಿತಿಮೀರಿದ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತಿರುವ ಹಿನ್ನೆಲೆಯಲ್ಲಿ 2013ರ ಆಗಸ್ಟ್‌ನಲ್ಲಿ ಶೆಡ್ಯೂಲ್ ಎಚ್1 ಎಂಬ ಪಟ್ಟಿಯನ್ನು ಪ್ರಕಟಿಸಿ, 2014ರ ಮಾರ್ಚ್ 1ರಿಂದ ಜಾರಿಗೆ ತಂದರು. ಮೊದಲಿಗೆ ಅದರಲ್ಲಿ 46 ಔಷಧಗಳಿದ್ದವು: ಮೇಲ್ಮಟ್ಟದ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಕೆಲವು ಔಷಧಗಳು. ಇವನ್ನು ಕೊಟ್ಟಾಗಲೆಲ್ಲ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಇನ್ನೂ ಕಟ್ಟುನಿಟ್ಟಾದ ಶೆಡ್ಯೂಲ್ ಎಕ್ಸ್ ಔಷಧಗಳಿಗೆ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯಲ್ಲೇ 2 ವರ್ಷ ಇಟ್ಟುಕೊಳ್ಳಬೇಕು.

ಒಬ್ಬ ಅನುಭವಿ ಪರಿವೀಕ್ಷಕರು ಎಚ್1 ರಿಜಿಸ್ಟರನ್ನು ಹೇಗೆ ಓದುತ್ತಾರೆ ಗೊತ್ತೇ? ಅವರು ರಿಜಿಸ್ಟರಿನಿಂದ ಶುರು ಮಾಡುವುದೇ ಇಲ್ಲ. ಸಗಟು ವ್ಯಾಪಾರಿಯ ಖರೀದಿ ಬಿಲ್ಲುಗಳನ್ನು ತರಿಸಿ, ಒಂದು ಔಷಧದ ಒಂದು ಬ್ಯಾಚನ್ನು ಹಿಡಿಯುತ್ತಾರೆ. ತಿಂಗಳಲ್ಲಿ ನೂರು ಸ್ಟ್ರಿಪ್ ಬಂದಿವೆ, ಕಪಾಟಿನಲ್ಲಿ ಇಪ್ಪತ್ತು ಉಳಿದಿವೆ. ಹಾಗಾದರೆ ಎಂಬತ್ತು ಸ್ಟ್ರಿಪ್ಪಿನ ನಮೂದುಗಳು ರಿಜಿಸ್ಟರಿನಲ್ಲಿ ಇರಬೇಕು. ಹತ್ತೋ ಹನ್ನೆರಡೋ ಇದ್ದರೆ ಉಳಿದವು ಚೀಟಿಯಿಲ್ಲದೆ ಹೋಗಿವೆ ಎಂದರ್ಥ. ನಮೂದುಗಳು ಪೂರ್ತಿ ಇದ್ದರೂ ಒಂದೇ ಪೆನ್ನು, ಒಂದೇ ಓರೆ, ಒಂದೇ ಕೈಬರಹದಲ್ಲಿ ತಿಂಗಳ ಲೆಕ್ಕ ಒಂದೇ ಕೂತಲ್ಲಿ ಬರೆದಂತಿದ್ದರೆ, ಅವರು ನಕ್ಕು ಪುಟ ತಿರುವುತ್ತಾರೆ. ಫಾರ್ಮಸಿಸ್ಟರ ಗೈರುಹಾಜರಿಯನ್ನು ಸಾಬೀತು ಮಾಡುವುದು ಕಷ್ಟವೆಂದು ಆಗ ಹೇಳಿದೆನಲ್ಲ, ಅದಕ್ಕೊಂದು ದಾರಿ ಇಲ್ಲಿದೆ. ಬಿಲ್ಲಿನ ಮೇಲೆ, ರಿಜಿಸ್ಟರಿನ ನಮೂದಿನ ಎದುರು ಫಾರ್ಮಸಿಸ್ಟರ ಸಹಿ ಇರಬೇಕು. ಅವರು ಅದೇ ಹೊತ್ತಿಗೆ ಬೇರೆಡೆ ಸಂಬಳಕ್ಕೆ ಕೆಲಸ ಮಾಡುತ್ತಿದ್ದರೆ ಆ ಸಹಿಗಳೇ ಅವರ ವಿರುದ್ಧ ಸಾಕ್ಷಿ ಹೇಳುತ್ತವೆ. ಆದರೆ ಅದನ್ನು ತಾಳೆ ನೋಡಬೇಕಾದರೆ ಇಲಾಖೆಯ ಪರವಾನಗಿ ಕಡತವೂ ಪರಿಷತ್ತಿನ ನೋಂದಣಿ ಪುಸ್ತಕವೂ ಒಂದೇ ಕಂಪ್ಯೂಟರಿನ ಪರದೆಯಲ್ಲಿ ಒಟ್ಟಿಗೆ ತೆರೆಯಬೇಕು. ಒಂದು ನೋಂದಣಿ ಸಂಖ್ಯೆ ಹೊಡೆದರೆ ಅದು ಯಾವ ಯಾವ ಅಂಗಡಿಯ ಪರವಾನಗಿಗೆ ಅಂಟಿಕೊಂಡಿದೆ ಎಂಬುದು ತಕ್ಷಣ ಕಾಣಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತು ಹೊಸ ಕಲಮುಗಳಿಗಿಂತ ಈ ಒಂದು ಜೋಡಣೆ ಹೆಚ್ಚು ಕೆಲಸ ಮಾಡೀತು.

2015ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ಫಾರ್ಮಸಿ ವೃತ್ತಿ ವಿನಿಯಮಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಚೀಟಿಯ ಪರಿಶೀಲನೆ, ರೋಗಿಗೆ ತಿಳಿವಳಿಕೆ ಹೇಳುವುದು, ಹೆಸರಿನ ಬಿಲ್ಲೆ ಹಾಗೂ ಬಿಳಿ ಕೋಟು ಧರಿಸುವುದು, 5 ವರ್ಷದಲ್ಲಿ ಕನಿಷ್ಠ ಎರಡು ಪುನಶ್ಚೇತನ ತರಬೇತಿಗಳಲ್ಲಿ ಭಾಗವಹಿಸುವುದು, ದೂರುಗಳನ್ನು 6 ತಿಂಗಳೊಳಗೆ ತೀರ್ಮಾನಿಸುವುದು ಇವೆಲ್ಲ ಅದರಲ್ಲಿವೆ. ಒಳ್ಳೆಯ ಫಾರ್ಮಸಿಸ್ಟರು ಏನು ಮಾಡಬೇಕೆಂಬುದನ್ನು ಅದು ಸೊಗಸಾಗಿ ವಿವರಿಸುತ್ತದೆ. ಅದನ್ನು ಮಾಡುತ್ತಿದ್ದಾರೆಯೇ ಎಂದು ಯಾರು, ಯಾವಾಗ, ಯಾವ ಸಿಬ್ಬಂದಿಯೊಂದಿಗೆ ನೋಡಬೇಕು ಎಂಬಲ್ಲಿ ಮತ್ತೆ ಅದೇ ಹಳೆಯ ಸಂದಿ ಎದುರಾಗುತ್ತದೆ.

ಆನ್‌ಲೈನ್ ಮಾರಾಟ ಈ ಸಂದಿಯನ್ನು ಇನ್ನಷ್ಟು ಅಗಲ ಮಾಡಿದೆ. 2018ರ ಆಗಸ್ಟ್ 28ರಂದು ಕೇಂದ್ರ ಸರ್ಕಾರ ಇ-ಫಾರ್ಮಸಿಗಳಿಗಾಗಿ ಕರಡು ನಿಯಮಗಳನ್ನು ಪ್ರಕಟಿಸಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಪರವಾನಗಿ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ನೀಡಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಪರವಾನಗಿ ಇರುವ ಅಂಗಡಿಗಳು ಮನೆ ಬಾಗಿಲಿಗೆ ಔಷಧ ತಲುಪಿಸಲು ಅಧಿಸೂಚನೆಯ ಮೂಲಕ ಅನುಮತಿ ಸಿಕ್ಕಿತು. ಕರಡು ಅಂತಿಮಗೊಳ್ಳದೆಯೇ ವರ್ಷಗಳು ಉರುಳಿದವು. ಒಂದು ರಾಜ್ಯದ ಗೋದಾಮಿನಲ್ಲಿ ಕುಳಿತ ಫಾರ್ಮಸಿಸ್ಟರು ಇನ್ನೊಂದು ರಾಜ್ಯದ ರೋಗಿಯ ಚೀಟಿಯ ಫೋಟೊ ನೋಡಿ ಔಷಧ ಕಳಿಸಿದರೆ ಖುದ್ದು ಮೇಲ್ವಿಚಾರಣೆ ಎಂದರೇನು, ತಪ್ಪಾದರೆ ಯಾವ ರಾಜ್ಯದ ಪರಿಷತ್ತು ವಿಚಾರಿಸಬೇಕು? ರಾಜ್ಯಕ್ಕೊಂದು ನೋಂದಣಿ ಪುಸ್ತಕ ಎಂಬ 1948ರ ಕಲ್ಪನೆಗೆ ಈ ಪ್ರಶ್ನೆ ಹೊಳೆದಿರಲು ಸಾಧ್ಯವೇ ಇರಲಿಲ್ಲ.

ಉಪನ್ಯಾಸದ ನಂತರ ಮೂವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ದಾಖಲಿಸುತ್ತೇನೆ.

ವಿದ್ಯಾರ್ಥಿನಿಯೊಬ್ಬರು, ಶಿಕ್ಷೆಯನ್ನು ಹೆಚ್ಚಿಸಿದರೆ ಸರ್ಟಿಫಿಕೇಟ್ ಬಾಡಿಗೆ ನಿಲ್ಲುವುದಿಲ್ಲವೇ ಎಂದು ಕೇಳಿದರು. 42ನೇ ಕಲಮಿನ ಉಲ್ಲಂಘನೆಗೆ ದೀರ್ಘಕಾಲ ಇದ್ದ ಶಿಕ್ಷೆ 6 ತಿಂಗಳವರೆಗಿನ ಸೆರೆವಾಸ ಅಥವಾ 1000 ರೂಪಾಯಿವರೆಗಿನ ದಂಡ. ಹಲವು ಕಾಯ್ದೆಗಳ ಶಿಕ್ಷೆಗಳನ್ನು ಒಟ್ಟಿಗೆ ತಿದ್ದಿದ 2023ರ ಜನ ವಿಶ್ವಾಸ್ ಕಾಯ್ದೆ ದಂಡದ ಮೊತ್ತವನ್ನು ಏರಿಸಿದೆ. ಸಿಕ್ಕಿಬೀಳುವ ಭಯವೇ ಇಲ್ಲದ ಕಡೆ ದಂಡ ಸಾವಿರವಾದರೇನು, ಲಕ್ಷವಾದರೇನು? ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷ ಓದಿ, 500 ಗಂಟೆ ಪ್ರಾಯೋಗಿಕ ತರಬೇತಿ ಮುಗಿಸಿದವರಿಗೆ ಕೌಂಟರಿನಲ್ಲಿ ದಿನವಿಡೀ ನಿಂತರೆ ಸಿಗುವ ಸಂಬಳಕ್ಕೂ ಕಾಗದ ಬಾಡಿಗೆ ಕೊಟ್ಟು ಬೇರೆಡೆ ದುಡಿದರೆ ಸಿಗುವ ಒಟ್ಟು ಗಳಿಕೆಗೂ ಇರುವ ಅಂತರವನ್ನು ನೋಡದೆ ಶಿಕ್ಷೆಯ ಮಾತನ್ನಷ್ಟೇ ಆಡುವುದು ನ್ಯಾಯವಲ್ಲ ಎಂದು ಉತ್ತರಿಸಿದೆ.

ಔಷಧ ವ್ಯಾಪಾರಿಯೊಬ್ಬರು ಎದ್ದು, ಸಾರ್, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಅಂಗಡಿ ತೆರೆದಿರುತ್ತದೆ, ಒಬ್ಬ ಮನುಷ್ಯ ಅಷ್ಟು ಹೊತ್ತು ಹೇಗೆ ನಿಂತಾನು ಎಂದರು. ಅವರ ಕಷ್ಟ ನಿಜವಾದದ್ದು. ಸರದಿಯ ಮೇಲೆ ಇಬ್ಬರನ್ನು ನೇಮಿಸಿಕೊಳ್ಳಬೇಕು. ಅದು ಕೈಲಾಗದಿದ್ದರೆ ಫಾರ್ಮಸಿಸ್ಟರು ಇಲ್ಲದ ಹೊತ್ತಿನಲ್ಲಿ ಚೀಟಿಯ ಔಷಧ ಕೊಡುವುದನ್ನು ನಿಲ್ಲಿಸಬೇಕು. ಫಾರ್ಮಸಿಸ್ಟರ ಹಾಜರಿಯ ವೇಳೆಯನ್ನು ಬಾಗಿಲಲ್ಲೇ ಬರೆದು ಹಾಕಿದರೆ ಗಿರಾಕಿಗೂ ಅನುಕೂಲ, ತಪಾಸಣೆಗೂ ಸುಲಭ. ಅರ್ಹರ ಮೇಲ್ವಿಚಾರಣೆ ಬೇಡದ ಔಷಧಗಳನ್ನಷ್ಟೇ ಮಾರುವವರಿಗೆ ನಮೂನೆ 20-ಎ, 21-ಎ ಎಂಬ ನಿರ್ಬಂಧಿತ ಪರವಾನಗಿಗಳು ಮೊದಲಿನಿಂದಲೂ ಇವೆ.

ಹಿರಿಯರೊಬ್ಬರು, ನಮ್ಮಂಥವರು ಏನು ಮಾಡಬಹುದು ಎಂದು ಕೇಳಿದರು. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ನಮೂದಾದ ಬಿಲ್ಲನ್ನು ಕೇಳಿ ಪಡೆಯಬಹುದು. ಈ ಹೊತ್ತಿನಲ್ಲಿ ಫಾರ್ಮಸಿಸ್ಟರು ಯಾರು ಎಂದು ವಿಚಾರಿಸಬಹುದು. ವ್ಯಕ್ತಿಯ ಬಗೆಗಿನ ದೂರಾದರೆ ರಾಜ್ಯ ಫಾರ್ಮಸಿ ಪರಿಷತ್ತಿನ ರಿಜಿಸ್ಟ್ರಾರರಿಗೆ, ಅಂಗಡಿಯ ಬಗೆಗಿನ ದೂರಾದರೆ ಔಷಧ ನಿಯಂತ್ರಣದ ಸಹಾಯಕ ನಿಯಂತ್ರಕರಿಗೆ ಬರೆಯಬಹುದು. ಎರಡೂ ಕಡೆಗೆ ಒಂದೊಂದು ಪ್ರತಿ ಕಳಿಸುವುದು ಒಳ್ಳೆಯದು. ಔಷಧದ ಗುಣಮಟ್ಟದ ಮೇಲೆಯೇ ಅನುಮಾನವಿದ್ದರೆ, ಔಷಧ ಕಾಯ್ದೆಯ 26ನೇ ಕಲಮಿನ ಪ್ರಕಾರ ಕೊಂಡ ಔಷಧವನ್ನು ಯಾವುದೇ ವ್ಯಕ್ತಿ ಅಥವಾ ಮಾನ್ಯತೆ ಪಡೆದ ಗ್ರಾಹಕ ಸಂಘ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರು ಸಹಿ ಮಾಡಿದ ವರದಿಯನ್ನು ಪಡೆಯಬಹುದು ಎಂದು ತಿಳಿಸಿದೆ. ಅರ್ಜಿಯ ನಮೂನೆ ಎಲ್ಲಿ ಸಿಗುತ್ತದೆ ಎಂದು ಅವರು ಮತ್ತೆ ಕೇಳಿದರು. ಅದು 1945ರ ನಿಯಮಗಳ ಅನುಬಂಧದಲ್ಲೇ ಅಚ್ಚಾಗಿದೆ. ಬಿಲ್ಲನ್ನೂ ಒಡೆಯದ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಬೇಕು.